ರೇಡಿಯಂ ಅಕ್ಷರದ ಕಸುಬು

‘ಮಧುಗಿರಿ’ ಎಂದು ಅಂಟಿಸಲು ಹೋದವನು ‘ಮದುಗಿರಿ’ ಎಂದು ಅಂಟಿಸಿ ಬಂದರೆ ಯಾರೂ ಅವನನ್ನು ತಡೆದು ಕೇಳುವುದಿಲ್ಲ. ಬಸ್ಸು ಅದೇ ಊರಿಗೆ ಹೋಗುತ್ತದೆ, ಟಿಕೆಟ್ಟಿನ ದರವೂ ಅಷ್ಟೇ. ಆದರೆ ಆ ಬೋರ್ಡಿನ ಕೆಳಗೆ ದಿನವೂ ನಿಲ್ಲುವ ಮೂರನೇ ತರಗತಿಯ ಮಗು ‘ಧ’ ಮತ್ತು ‘ದ’ಗಳಲ್ಲಿ ಯಾವುದು ಸರಿ ಎಂಬುದನ್ನು ಮೇಷ್ಟರಿಗಿಂತ ಮೊದಲು ಆ ಬೋರ್ಡಿನಿಂದ ಕಲಿಯುತ್ತದೆ. ಅಂಟಿಸಿದವನು ಕನ್ನಡ ಬಾರದವನೇನಲ್ಲ. ಕಂಪ್ಯೂಟರಿನಲ್ಲಿ ಅವನು ‘ಧ’ ಎಂದೇ ಒತ್ತಿದ್ದಿರಬಹುದು. ಯಂತ್ರ ಕತ್ತರಿಸಿದ ಹಾಳೆಯಿಂದ ಬೇಡದ ಭಾಗವನ್ನು ಕೀಳುವಾಗ ಅಕ್ಷರದ ಹೊಟ್ಟೆ ಸೀಳುವ ಆ ಪುಟ್ಟ ಗೆರೆ ಕಸದ ಜೊತೆಗೇ ಎದ್ದುಹೋಗಿರುತ್ತದೆ. ಈ ಕಸುಬಿನ ಕಷ್ಟವೆಲ್ಲ ಇಂಥ ಕಡೆಯೇ ಇದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಮುಗಿಸಿ, ಮುಂದೇನು ಎಂದು ಮನೆಯಲ್ಲಿ ಮಾತು ಬಂದಾಗ ಕಂಪ್ಯೂಟರ್ ಸ್ವಲ್ಪ ತಿಳಿದ ಹುಡುಗನ ಬಾಯಲ್ಲಿ ‘ಸ್ಟಿಕರ್ ಕಟಿಂಗ್ ಅಂಗಡಿ ಇಡುತ್ತೇನೆ’ ಎಂಬ ಮಾತು ಬರುವುದುಂಟು. ತೋವಿನಕೆರೆಯಂಥ ಊರಿಗೆ ಇದು ಹೊಂದದ ಯೋಚನೆಯಲ್ಲ. ಊರು ಕೊರಟಗೆರೆ ತಾಲ್ಲೂಕಿನದು, ಸಿದ್ಧರಬೆಟ್ಟಕ್ಕೆ ಹತ್ತಿರದ್ದು. ಸುತ್ತಲಿನ ಹಳ್ಳಿಗಳವರು ಬಂದು ಹೋಗುವ ಜಾಗ. ಗೊಬ್ಬರದ ಅಂಗಡಿ, ಮೆಡಿಕಲ್ ಸ್ಟೋರು, ಬೇಕರಿ, ಹಾಲಿನ ಡೇರಿ, ಟ್ರ್ಯಾಕ್ಟರು, ಆಟೊ, ಶಾಲೆ, ದೇವಸ್ಥಾನ, ಇವುಗಳಲ್ಲಿ ಹೆಸರು ಬೇಡದ್ದು ಯಾವುದೂ ಇಲ್ಲ. ಆದರೆ ಅಪ್ಪ ಸಾಲ ಮಾಡಿ ಯಂತ್ರ ಕೊಡಿಸುವ ಮೊದಲು ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಅಪ್ಪ ಮಗ ಇಬ್ಬರೂ ಸರಿಯಾಗಿ ತಿಳಿದುಕೊಳ್ಳಬೇಕು.

ನಮ್ಮ ಕಡೆ ಎಲ್ಲ ಸ್ಟಿಕರಿಗೂ ‘ರೇಡಿಯಂ’ ಎಂದೇ ಹೆಸರು. ಕ್ಯೂರಿ ದಂಪತಿ 1898ರಲ್ಲಿ ಕಂಡುಹಿಡಿದ ರೇಡಿಯಂ ಧಾತುವಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ರಾತ್ರಿ ವಾಹನದ ಬೆಳಕು ಬಿದ್ದಾಗ ಹೊಳೆಯುವ ಹಾಳೆಯಲ್ಲಿ ಸೂಕ್ಷ್ಮವಾದ ಗಾಜಿನ ಮಣಿಗಳೋ ಪಟ್ಟಕದಂಥ ಕೆತ್ತನೆಗಳೋ ಇರುತ್ತವೆ. ಅವು ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುತ್ತವೆ, ಅಷ್ಟೆ. ಉಳಿದ ಬಣ್ಣದ ಹಾಳೆಗಳು ವಿನೈಲ್, ಅಂದರೆ ನೀರಿನ ಪೈಪಿಗೆ ಬಳಸುವ ಪಿವಿಸಿಯ ಮೆತ್ತನೆಯ ರೂಪ. ಗಟ್ಟಿ ಪಿವಿಸಿಯನ್ನು ಬಾಗುವಂತೆ ಮಾಡುವ ದಾರಿಯನ್ನು 1926ರಲ್ಲಿ ಅಮೆರಿಕದ ವಾಲ್ಡೊ ಸೆಮನ್ ಕಂಡುಕೊಂಡ. ಕಂಪ್ಯೂಟರ್ ಹೇಳಿದಂತೆ ಹಾಳೆಯ ಮೇಲೆ ಅಕ್ಷರ ಕತ್ತರಿಸುವ ಯಂತ್ರಗಳು 1980ರ ದಶಕದಲ್ಲಿ ಅಲ್ಲಿಯೇ ಬಂದವು. ಅಲ್ಲಿಯವರೆಗೆ ಎಲ್ಲವೂ ಕುಂಚದ ಕೆಲಸ. ಬೋರ್ಡಿನ ಮೂಲೆಯಲ್ಲಿ ‘ಆರ್ಟ್ಸ್’ ಎಂದು ಪುಟ್ಟದಾಗಿ ತನ್ನ ಹೆಸರು ಬರೆದುಕೊಳ್ಳುತ್ತಿದ್ದ ಪೇಂಟರಿಗೆ ತಪ್ಪಾದರೆ ಟರ್ಪಂಟೈನ್ ಬಟ್ಟೆಯಿಂದ ಒರೆಸಿ ಮತ್ತೆ ಬರೆಯುವ ಅನುಕೂಲವಿತ್ತು. ವಿನೈಲಿಗೆ ಆ ಅನುಕೂಲವಿಲ್ಲ. ಕತ್ತರಿಸಿದ ಹಾಳೆ ಕತ್ತರಿಸಿದ್ದೇ.

ಈ ವ್ಯಾಪಾರದ ಲೆಕ್ಕವನ್ನು ಸರ್ಕಾರದ ನಿಯಮಗಳು ಆಗಾಗ ತಲೆಕೆಳಗು ಮಾಡಿವೆ. ಒಂದು ಕಾಲಕ್ಕೆ ಬೈಕಿನ ನಂಬರ್ ಪ್ಲೇಟೇ ಸ್ಟಿಕರ್ ಅಂಗಡಿಯ ಊಟದ ದಾರಿಯಾಗಿತ್ತು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾಯಿತು. ಹಳೆಯ ವಾಹನಗಳಿಗೂ ಅದನ್ನು ಹಾಕಿಸಬೇಕೆಂದು ಕರ್ನಾಟಕ ಸರ್ಕಾರ 2023ರಲ್ಲಿ ಆದೇಶಿಸಿತು. ಆ ಸಂಪಾದನೆ ಅಲ್ಲಿಗೆ ಮುಗಿಯಿತು. ಫ್ಲೆಕ್ಸ್ ಬ್ಯಾನರುಗಳನ್ನು ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲಿಯೇ ಇತರ ಪ್ಲಾಸ್ಟಿಕ್ ವಸ್ತುಗಳ ಜೊತೆಗೆ ನಿಷೇಧಿಸಿತು. (ನಿಷೇಧ ಎಷ್ಟು ನಡೆದಿದೆ ಎಂಬುದಕ್ಕೆ ಯಾವ ಊರಿನ ಸರ್ಕಲ್ಲಿನಲ್ಲಿ ನಿಂತರೂ ಉತ್ತರ ಸಿಗುತ್ತದೆ.) ಇನ್ನೊಂದು ಕಡೆಯಿಂದ ಬಾಗಿಲು ತೆರೆದದ್ದೂ ಉಂಟು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಬಂದ ತಿದ್ದುಪಡಿ ಅಂಗಡಿ, ಆಸ್ಪತ್ರೆ, ಹೋಟೆಲುಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿರಬೇಕು ಎಂದಿತು. ಆದ್ದರಿಂದ ಈಗ ಈ ಕಸುಬಿಗೆ ಇಳಿಯುವ ಹುಡುಗನಿಗೆ ಬೇಕಾದ ಮೊದಲ ಬಂಡವಾಳ ಕನ್ನಡ. ಪರೀಕ್ಷೆಯಲ್ಲಿ ಕನ್ನಡಕ್ಕೆ ಬಂದ ಅಂಕ ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳುವ ಮನೆಗಳಲ್ಲಿ ಇದನ್ನೊಮ್ಮೆ ಹೇಳಬಹುದು.

ಕನ್ನಡ ಅಕ್ಷರ ಪ್ಲಾಟರಿಗೆ ಸುಲಭದ ತುತ್ತಲ್ಲ. ನುಡಿ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಅಕ್ಷರಗಳನ್ನು ತುಂಡುತುಂಡಾಗಿ ಜೋಡಿಸಿ ಮಾಡಿರುತ್ತಾರೆ. ಮೂಲ ಅಕ್ಷರ ಒಂದು ತುಂಡು, ಕೊಂಬು ಒಂದು ತುಂಡು, ದೀರ್ಘ ಮತ್ತೊಂದು, ಒತ್ತು ಇನ್ನೊಂದು. ಪರದೆಯ ಮೇಲೆ ಒಂದರ ಮೇಲೊಂದು ಕೂತು ಒಂದೇ ಅಕ್ಷರದಂತೆ ಕಾಣುತ್ತವೆ. ಯಂತ್ರದ ಬ್ಲೇಡಿಗೆ ಕಣ್ಣಿಲ್ಲ. ಅದು ಪ್ರತಿ ತುಂಡಿನ ಅಂಚನ್ನೂ ಬೇರೆಬೇರೆಯಾಗಿ ಕತ್ತರಿಸುತ್ತದೆ. ಎರಡು ತುಂಡು ಸೇರುವಲ್ಲಿ ಅಕ್ಷರದ ನಡುವೆಯೇ ಗೆರೆ ಬಿದ್ದು, ಕೀಳುವಾಗ ಕೊಂಬು ಕಳಚಿಕೊಂಡು ಬರುತ್ತದೆ. ಇದಕ್ಕೆ ಮದ್ದು ಸರಳ. ಕೋರೆಲ್‌ಡ್ರಾದಲ್ಲಿ ಅಕ್ಷರಗಳನ್ನು ಮೊದಲು ಕರ್ವ್ ಆಗಿ ಬದಲಿಸಿ, ಆಮೇಲೆ ವೆಲ್ಡ್ ಮಾಡಬೇಕು. ಆಗ ತುಂಡುಗಳೆಲ್ಲ ಬೆಸೆದು ಒಂದೇ ಅಂಚಾಗುತ್ತವೆ. ಕರ್ವ್ ಮಾಡುವುದರಿಂದ ಇನ್ನೊಂದು ಲಾಭವೂ ಇದೆ. ಹಳೆಯ ಫಾಂಟಿನಲ್ಲಿ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಬೇರೆ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಕರ್ವ್ ಮಾಡಿದ್ದು ಎಲ್ಲಿ ತೆರೆದರೂ ಹಾಗೇ ಇರುತ್ತದೆ. ಆದರೆ ಆಮೇಲೆ ಕಾಗುಣಿತ ತಿದ್ದಲಾಗುವುದಿಲ್ಲ. ಹಾಗಾಗಿ ತಿದ್ದುವ ಪ್ರತಿಯೊಂದನ್ನು ಬೇರೆಯಾಗಿ ಉಳಿಸಿಕೊಳ್ಳಬೇಕು.

‘ತೋವಿನಕೆರೆ’ಯಲ್ಲಿ ಒಂದೂ ಒತ್ತಕ್ಷರವಿಲ್ಲ, ಹೊಸದಾಗಿ ಕಲಿಯುವವನಿಗೆ ಪುಣ್ಯದ ಹೆಸರು. ಆದರೂ ‘ತೋ’ದ ದೀರ್ಘ ಬಿದ್ದುಹೋಗದಂತೆ ನೋಡಿಕೊಳ್ಳಬೇಕು. ‘ಪಾಠಶಾಲೆ’ಯ ‘ಠ’ದೊಳಗಿನ ಚುಕ್ಕೆ ಎದ್ದರೆ ಅದು ‘ಪಾರಶಾಲೆ’ ಆಗುತ್ತದೆ. ‘ಪ್ರೌಢಶಾಲೆ’ಯಲ್ಲಿ ಢಕಾರದ ಗೆರೆ ಹೋದರೆ ಪ್ರೌಢಿಮೆಯೇ ಹೋದಂತೆ. ಬೇಡದ ಭಾಗ ಕೀಳುವ ಮೊದಲು ಇಂಥ ಪುಟ್ಟ ತುಣುಕುಗಳ ಮೇಲೆ ಬೆರಳಿಟ್ಟು ಒತ್ತಿಕೊಳ್ಳುವುದು, ಕಿತ್ತ ಮೇಲೆ ಮೂಲ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಓದುವುದು, ಇವೆರಡು ಅಭ್ಯಾಸವಾಗಬೇಕು. ಮನಸ್ಸಿನಲ್ಲೇ ಓದಿದರೆ ಕಣ್ಣು ತಪ್ಪನ್ನು ತಾನೇ ತಿದ್ದಿಕೊಂಡು ಮುಂದೆ ಹೋಗಿಬಿಡುತ್ತದೆ. ಪಾವಗಡದ ಕಡೆ ಗಿರಾಕಿ ತೆಲುಗಿನಲ್ಲೂ ಒಂದು ಸಾಲು ಬೇಕೆನ್ನಬಹುದು. ಎರಡು ಲಿಪಿಗಳು ಅಕ್ಕತಂಗಿಯರಂತೆ ಇರುವುದರಿಂದಲೇ ಅಲ್ಲಿ ಹೆಚ್ಚು ಎಚ್ಚರ ಬೇಕು. ತೆಲುಗು ಬಲ್ಲವರಿಗೆ ತೋರಿಸದೆ ಕತ್ತರಿಸಬಾರದು.

ಅಕ್ಷರದ ಅಳತೆಗೆ ಬೋರ್ಡ್ ಮಾಡುವವರಲ್ಲಿ ಒಂದು ಒರಟು ಲೆಕ್ಕವಿದೆ. ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರ. ನೂರು ಅಡಿಯಿಂದ ಆರಾಮವಾಗಿ ಓದಬೇಕಾದರೆ ಹತ್ತು ಅಂಗುಲದ ಅಕ್ಷರ ಬೇಕು. ಈ ಲೆಕ್ಕ ಹುಟ್ಟಿದ್ದು ಇಂಗ್ಲಿಷಿಗೆ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು ಇರುವುದರಿಂದ ಅಕ್ಷರದ ಮೈಗೆ ಸಿಗುವ ಜಾಗ ಕಡಿಮೆ. ಎರಡು ಅಡಿ ಎತ್ತರದ ಶಾಲಾ ಫಲಕದಲ್ಲಿ ಎರಡು ಸಾಲು ಬರೆಯಬೇಕು ಎಂದಿಟ್ಟುಕೊಳ್ಳಿ. 24 ಅಂಗುಲದಲ್ಲಿ ಮೇಲೆ ಕೆಳಗೆ ಎರಡೆರಡು, ಸಾಲುಗಳ ನಡುವೆ ಎರಡು ಬಿಟ್ಟರೆ ಉಳಿಯುವುದು 18, ಸಾಲಿಗೆ ಒಂಬತ್ತು. ಒತ್ತಿಗೂ ಕೊಂಬಿಗೂ ಜಾಗ ಕೊಟ್ಟ ಮೇಲೆ ಮೂಲ ಅಕ್ಷರ ಐದು ಅಂಗುಲಕ್ಕೆ ನಿಲ್ಲುತ್ತದೆ. ಅಂದರೆ ಐವತ್ತು ಅಡಿಯಾಚೆ ಓದುವುದು ಕಷ್ಟ. ಇಷ್ಟು ಗೊತ್ತಿದ್ದವನು ಅದೇ ಫಲಕದಲ್ಲಿ ಸಂಸ್ಥಾಪಕರ ಹೆಸರು, ಫೋನ್ ನಂಬರು, ಘೋಷವಾಕ್ಯ ಎಲ್ಲ ತುಂಬಿಸಲು ಬಂದ ಆಡಳಿತ ಮಂಡಳಿಯವರಿಗೆ ವಿನಯದಿಂದ ಬೇಡವೆನ್ನಬಲ್ಲ. ಬಣ್ಣದ ವಿಷಯದಲ್ಲಿ ಹಳದಿಯ ಮೇಲೆ ಕಪ್ಪು ದೂರಕ್ಕೆ ಚೆನ್ನಾಗಿ ಕಾಣುತ್ತದೆ. ಬಿಳಿಯ ಮೇಲೆ ಹಳದಿ ಕಾಣುವುದೇ ಇಲ್ಲ. ಕೆಂಪು ನೋಡಲು ಚೆಂದ, ಆದರೆ ಬಿಸಿಲಿಗೆ ಬೇಗ ಮಂಕಾಗುವುದೂ ಅದೇ.

ಹಾಳೆಯಲ್ಲಿ ಎರಡು ಜಾತಿ. ರೋಲರುಗಳ ನಡುವೆ ಒತ್ತಿ ಎಳೆದು ಮಾಡಿದ್ದು ಒಂದು. ಅಗ್ಗ, ಸುಮಾರು 80 ಮೈಕ್ರಾನ್ ದಪ್ಪ. ದ್ರವವನ್ನು ತೆಳುವಾಗಿ ಹರಡಿ ಕಾಯಿಸಿ ಮಾಡಿದ್ದು ಇನ್ನೊಂದು. ಸುಮಾರು 50 ಮೈಕ್ರಾನ್, ಬೆಲೆ ಹೆಚ್ಚು. ಎಳೆದು ಮಾಡಿದ ಹಾಳೆ ಬಿಸಿಲಿಗೆ ಕುಗ್ಗಿ ಮೊದಲಿನ ಅಳತೆಗೆ ಮರಳಲು ನೋಡುತ್ತದೆ. ಒಂದೆರಡು ಬೇಸಿಗೆ ಕಳೆದ ಬೋರ್ಡಿನಲ್ಲಿ ಅಕ್ಷರದ ಸುತ್ತ ಕಪ್ಪು ಅಂಟಿನ ಅಂಚು ಕಾಣುವುದು ಇದರಿಂದಲೇ. ಸಮತಟ್ಟಾದ ಅಂಗಡಿ ಬೋರ್ಡಿಗೆ ಅಗ್ಗದ್ದು ಸಾಕು. ಉಬ್ಬುತಗ್ಗಿನ ವಾಹನದ ಮೈಗೆ ತೆಳುವಾದದ್ದೇ ಬೇಕು. ಯಾವುದನ್ನು ಹಾಕಿದ್ದೇನೆ ಎಂದು ಗಿರಾಕಿಗೆ ಮೊದಲೇ ಹೇಳಿಬಿಟ್ಟರೆ ಆಮೇಲೆ ಜಗಳವಿಲ್ಲ. ಕತ್ತರಿಸುವಾಗ ಮೇಲಿನ ಬಣ್ಣದ ಪದರ ಮಾತ್ರ ಕತ್ತರಿಸಬೇಕು, ಕೆಳಗಿನ ಕಾಗದಕ್ಕೆ ತೆಳುವಾದ ಗೀರು ಮಾತ್ರ ಬೀಳಬೇಕು. ಕಾಗದವೂ ತುಂಡಾದರೆ ಅಕ್ಷರಗಳು ಅದರ ಸಮೇತ ಎದ್ದು ಬರುತ್ತವೆ. ಹಾಳೆ ಬದಲಿಸಿದಾಗಲೆಲ್ಲ ಮೂಲೆಯಲ್ಲಿ ಒಂದು ಪುಟ್ಟ ಚೌಕ ಕತ್ತರಿಸಿ ಕಿತ್ತು ನೋಡುವುದು ವಾಡಿಕೆ.

ಇನ್ನು ಅಂಟಿಸುವ ಕೆಲಸ. ಅಂಗಡಿಯ ಹೆಸರು ಉಳಿಯುವುದೂ ಕೆಡುವುದೂ ಇಲ್ಲಿ. ಸುಣ್ಣ ಅಥವಾ ಡಿಸ್ಟೆಂಪರ್ ಬಳಿದ ಗೋಡೆಗೆ ವಿನೈಲ್ ನಿಲ್ಲುವುದಿಲ್ಲ. ಅದು ಗೋಡೆಗೆ ಅಂಟದೆ ಸುಣ್ಣದ ಪುಡಿಗೆ ಅಂಟುತ್ತದೆ. ಅನುಮಾನವಿದ್ದರೆ ಸೆಲ್ಲೋಟೇಪನ್ನು ಒತ್ತಿ ಅಂಟಿಸಿ ಸರ್ರನೆ ಕೀಳಬೇಕು. ಟೇಪಿನ ಜೊತೆ ಬಣ್ಣ ಬಂದರೆ ನಾಳೆ ಅಕ್ಷರವೂ ಬರುತ್ತದೆ. ಅಂಥ ಕಡೆ ಸನ್‌ಬೋರ್ಡಿನ ಮೇಲೋ ಎಸಿಪಿ ಶೀಟಿನ ಮೇಲೋ ಅಂಟಿಸಿ ಅದನ್ನು ಗೋಡೆಗೆ ಸ್ಕ್ರೂ ಹೊಡೆಯುವುದೇ ಸರಿ. ತಗಡಿನ ಬೋರ್ಡಿಗೆ ಹೊಸದಾಗಿ ಎನಾಮೆಲ್ ಬಳಿದಿದ್ದರೆ ವಾರವಾದರೂ ಕಾಯಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಮುಟ್ಟಿದರೆ ಒಣಗಿದಂತಿದ್ದರೂ ಒಳಗಿನಿಂದ ಆವಿ ಬರುತ್ತಲೇ ಇರುತ್ತದೆ. ಅದರ ಮೇಲೆ ಹಾಳೆ ಮುಚ್ಚಿದರೆ ಸಿಡುಬಿನಂತೆ ಗುಳ್ಳೆ ಏಳುತ್ತದೆ. ಉದ್ಘಾಟನೆ ನಾಳೆಯೇ ಇದೆ ಎಂದು ಅವಸರ ಮಾಡುವ ಗಿರಾಕಿಗೆ ಇದನ್ನು ಹೇಳುವ ಧೈರ್ಯವನ್ನೂ ಹುಡುಗ ಕಲಿಯಬೇಕಾಗುತ್ತದೆ.

ಮೈಯನ್ನು ಮೊದಲು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ಆಮೇಲೆ ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಬೇಕು. ಸೀಮೆಎಣ್ಣೆ ಬೇಡ, ಜಿಡ್ಡು ಉಳಿಯುತ್ತದೆ. ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲೋ ನೆರಳಿನಲ್ಲೋ ಮಾತ್ರ ಈ ಕೆಲಸ. ತಗಡಿನ ಮೇಲೆ ಅಂಗೈ ಇಡಲಾಗದಷ್ಟು ಕಾದಿದ್ದರೆ ಹಾಳೆ ಮುಟ್ಟಿದ ತಕ್ಷಣ ಕಚ್ಚಿಕೊಳ್ಳುತ್ತದೆ, ಸರಿಪಡಿಸಲು ಅವಕಾಶವೇ ಸಿಗುವುದಿಲ್ಲ. ಗಾಜು ಮತ್ತು ದೊಡ್ಡ ಹಾಳೆಗಳಿಗೆ ಒಂದೆರಡು ಹನಿ ಶಾಂಪೂ ಬೆರೆಸಿದ ನೀರು ಚಿಮುಕಿಸಿ ಅಂಟಿಸಿದರೆ ಜರುಗಿಸಿ ಸರಿಮಾಡಲು ಆಗುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಗಾಜಿನ ಮೇಲೆ ಬಿಳಿ ಕಲೆ ಬಿಡುತ್ತದೆ. ಊರಿನ ಶುದ್ಧ ನೀರಿನ ಘಟಕದ ಒಂದು ಬಾಟಲಿ ನೀರು ಈ ಕೆಲಸಕ್ಕೆ ಸಾಕು.

ಚಿಕ್ಕ ಬೋರ್ಡಿಗೆ ನೀರಿಲ್ಲದ ವಿಧಾನವೇ ವಾಸಿ. ಕತ್ತರಿಸಿದ ಅಕ್ಷರಗಳ ಮೇಲೆ ಟ್ರಾನ್ಸ್‌ಫರ್ ಟೇಪ್ ಒತ್ತಿ, ಬೋರ್ಡಿನ ನಡುಮಧ್ಯೆ ಪೆನ್ಸಿಲಿನಲ್ಲಿ ಒಂದು ಗುರುತು, ಹಾಳೆಯ ನಡುಮಧ್ಯೆ ಒಂದು ಗುರುತು ಮಾಡಿ, ಎರಡೂ ಕೂಡುವಂತೆ ಹಿಡಿದು ನಡುವೆ ಮೇಲಿನಿಂದ ಕೆಳಗೆ ಒಂದು ಪಟ್ಟಿ ಮಾಸ್ಕಿಂಗ್ ಟೇಪ್ ಅಂಟಿಸಬೇಕು. ಈಗ ಹಾಳೆ ಬಾಗಿಲಿನಂತೆ ಎರಡೂ ಕಡೆ ತೆರೆಯುತ್ತದೆ. ಎಡ ಅರ್ಧವನ್ನು ಎತ್ತಿ, ಹಿಂದಿನ ಕಾಗದವನ್ನು ನಡುವಿನವರೆಗೆ ಬಿಡಿಸಿ ಕತ್ತರಿಸಿ ತೆಗೆದು, ನಡುವಿನಿಂದ ಹೊರಕ್ಕೆ ಸ್ಕ್ವೀಜಿಯಿಂದ ಒತ್ತುತ್ತಾ ಬರಬೇಕು. ಸ್ಕ್ವೀಜಿ ಇಲ್ಲದಿದ್ದರೆ ಹಳೆಯ ಎಟಿಎಂ ಕಾರ್ಡಿಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡರೂ ನಡೆಯುತ್ತದೆ. ಎಡ ಮುಗಿದ ಮೇಲೆ ಮಾಸ್ಕಿಂಗ್ ಟೇಪ್ ಕಿತ್ತು, ಬಲವನ್ನೂ ಹಾಗೆಯೇ ಮಾಡಬೇಕು. ಕೊನೆಗೆ ಟ್ರಾನ್ಸ್‌ಫರ್ ಟೇಪನ್ನು ತನ್ನ ಕಡೆಗೆ ಎಳೆಯದೆ, ಬೋರ್ಡಿಗೆ ಒತ್ತಿಕೊಂಡಂತೆ ಹಿಂದಕ್ಕೆ ಮಡಿಚುತ್ತಾ ನಿಧಾನವಾಗಿ ಬಿಡಿಸಬೇಕು. ಅಕ್ಷರ ಅದರ ಜೊತೆ ಎದ್ದರೆ ಮತ್ತೆ ಮಡಿಚಿ ಒತ್ತಿ ಮುಂದುವರಿಯುವುದು. ಉಳಿದ ಗುಳ್ಳೆಯನ್ನು ಬ್ಲೇಡಿನಿಂದ ಕೊಯ್ಯಬಾರದು. ಅಂಚಿನಲ್ಲಿ ಸೂಜಿಯಿಂದ ಚುಚ್ಚಿ ಹೆಬ್ಬೆರಳಿನಿಂದ ಗಾಳಿ ಹೊರಡಿಸಿದರೆ ಸಾಕು. ಸಾಸಿವೆಯಷ್ಟು ಸಣ್ಣವು ಕೆಲವು ದಿನದ ಬಿಸಿಲಿಗೆ ತಾವೇ ಕೂರುತ್ತವೆ. ಮೂರು ದಿನ ನೀರು ಹಾಕಿ ತೊಳೆಯದಂತೆ ಗಿರಾಕಿಗೆ ಹೇಳಿ ಬರಬೇಕು.

ವಾಹನದ ಕೆಲಸದಲ್ಲಿ ಬೇಡವೆನ್ನುವುದೂ ಕಸುಬಿನ ಭಾಗ. ವಾಹನದ ಗಾಜಿಗೆ ಫಿಲ್ಮ್ ಅಂಟಿಸುವುದರ ವಿರುದ್ಧ ಸುಪ್ರೀಂ ಕೋರ್ಟ್ 2012ರಲ್ಲಿ ಆದೇಶ ಕೊಟ್ಟಿತ್ತು. ಆಟೊ ಮುಂಗಾಜಿನ ಅರ್ಧಕ್ಕೆ ದೇವರ ಹೆಸರು, ನಟನ ಚಿತ್ರ ಅಂಟಿಸಿ ಕೊಡುವವನು ಚಾಲಕನ ಕಣ್ಣಿಗೇ ಅಡ್ಡ ಬರುತ್ತಾನೆ. ಬೆನ್ನಿಗೆ ಎಷ್ಟು ಬೇಕಾದರೂ ಹಾಕಲಿ. ಶಾಲೆಯ ಬಸ್ಸಿನ ವಿಷಯದಲ್ಲಿ ಪೋಷಕರು ಗಮನಿಸಬೇಕಾದ್ದು ಬೇರೆ ಇದೆ. ಮುಂದೆ ಮತ್ತು ಹಿಂದೆ ಶಾಲಾ ವಾಹನ ಎಂದು ಬರೆದಿರಬೇಕು, ಶಾಲೆಯ ಹೆಸರು, ಫೋನ್ ಸಂಖ್ಯೆ ಕಾಣುವಂತಿರಬೇಕು ಎಂಬುದು 1997ರ ಸುಪ್ರೀಂ ಕೋರ್ಟ್ ಮಾರ್ಗಸೂಚಿಯ ಕಾಲದಿಂದ ಬಂದ ನಿಯಮ. ಆ ಅಕ್ಷರಗಳನ್ನು ಹೊಳೆಯುವ ಹಾಳೆಯಲ್ಲೇ ಕತ್ತರಿಸಿದರೆ ಚಳಿಗಾಲದ ಮಂಜಿನಲ್ಲಿ ಹಿಂದೆ ಬರುವ ಲಾರಿಗೆ ಕಾಣುತ್ತವೆ. ಎತ್ತರದ ಬೋರ್ಡ್ ಕೂರಿಸುವಾಗ ಅಲ್ಯೂಮಿನಿಯಂ ಏಣಿಯನ್ನು ವಿದ್ಯುತ್ ತಂತಿಯ ಹತ್ತಿರಕ್ಕೂ ಒಯ್ಯಬಾರದು. ಹಳ್ಳಿಯ ಬೀದಿಯಲ್ಲಿ ತಂತಿ ಅಂಗಡಿಯ ಸೂರಿಗೆ ತಾಗುವಂತೆ ಜೋತುಬಿದ್ದಿರುವುದು ಅಪರೂಪವೇನಲ್ಲ. ಅಂಥ ಕಡೆ ಲೈನ್‌ಮನ್ನಿಗೆ ಹೇಳಿ ಕರೆಂಟ್ ತೆಗೆಸಿದ ಮೇಲೆಯೇ ಏಣಿ ಹತ್ತಬೇಕು, ಕೆಳಗೆ ಹಿಡಿಯಲು ಒಬ್ಬರಿರಬೇಕು.

ಮತ್ತೆ ಯಂತ್ರದ ಸಾಲದ ಮಾತು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವರ್ಗದಲ್ಲಿ 50,000 ರೂಪಾಯಿವರೆಗೆ, ‘ಕಿಶೋರ’ದಲ್ಲಿ 5 ಲಕ್ಷದವರೆಗೆ ಸಾಲಕ್ಕೆ ಅವಕಾಶವಿದೆ. ಅರ್ಜಿ ಹಾಕಲು ಅವಸರ ಬೇಡ. ಹುಡುಗ ಮೊದಲು ಅಂಟಿಸುವವನಾಗಲಿ, ಆಮೇಲೆ ಕತ್ತರಿಸುವವನಾಗಲಿ. ಕೊರಟಗೆರೆಯಲ್ಲೋ ತುಮಕೂರಿನಲ್ಲೋ ಯಂತ್ರವಿರುವ ಅಂಗಡಿಯಲ್ಲಿ ಒಂದು ವರ್ಷ ಕೈ ಪಳಗಿಸಿಕೊಂಡರೆ, ವಿನ್ಯಾಸವನ್ನು ಮನೆಯ ಕಂಪ್ಯೂಟರಿನಲ್ಲಿ ಮಾಡಿ, ಹಣ ಕೊಟ್ಟು ಅಲ್ಲಿ ಕತ್ತರಿಸಿಕೊಂಡು ಬಂದು, ಊರಿನಲ್ಲಿ ಅಂಟಿಸಿ ಕೊಡಬಹುದು. ಕಂಪ್ಯೂಟರ್ ಅಭ್ಯಾಸವೇ ಇಲ್ಲದವನಿಗೆ ಐಟಿಐಗಳ ಒಂದು ವರ್ಷದ ಕೋಪಾ ಕೋರ್ಸ್ ಇದೆ. ತಿಂಗಳು ತಿಂಗಳು ಹೊರಗೆ ಕತ್ತರಿಸಲು ಕೊಟ್ಟ ಹಣ ಸಾಲದ ಕಂತಿಗಿಂತ ಹೆಚ್ಚಾದ ದಿನ ಯಂತ್ರ ತರಬಹುದು. ತಂದಾಗ ಯುಪಿಎಸ್ ಕೂಡ ತರಬೇಕು. ಅರ್ಧ ಕತ್ತರಿಸಿದಾಗ ಕರೆಂಟು ಹೋದರೆ ಯಂತ್ರಕ್ಕೆ ಎಲ್ಲಿ ನಿಲ್ಲಿಸಿದೆನೆಂಬ ನೆನಪಿರುವುದಿಲ್ಲ, ಹಾಳೆ ದಂಡ.

ಹಳೆಯ ಅಕ್ಷರ ತೆಗೆಯುವ ಕೆಲಸವನ್ನು ಬಹಳ ಮಂದಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದಕ್ಕೆ ಬೇರೆ ಕೂಲಿ ಹೇಳಬೇಕು, ಏಕೆಂದರೆ ಅಂಟಿಸುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಕೂದಲು ಒಣಗಿಸುವ ಡ್ರೈಯರಿನಿಂದ ಬೆಚ್ಚಗೆ ಮಾಡಿ, ಮೂಲೆಯಿಂದ ಉಗುರಿನಲ್ಲಿ ಎತ್ತಿ, ಮೈಗೆ ಹತ್ತಿರವಾಗಿ ಓರೆಯಲ್ಲಿ ಎಳೆದರೆ ಅಂಟು ಹೆಚ್ಚು ಉಳಿಯದೆ ಬರುತ್ತದೆ. ಉಳಿದ ಅಂಟಿಗೆ ಸ್ಪಿರಿಟ್ ಹಾಕಿ ನೆನೆಸಿ ಒರೆಸುವುದು. ಕಿತ್ತ ಚೂರುಗಳನ್ನು, ಕತ್ತರಿಸಿ ಉಳಿದ ಹಾಳೆಗಳನ್ನು ಹಳ್ಳಿಯ ಮನೆಗಳಲ್ಲಿ ಹಂಡೆಯ ಒಲೆಗೆ ತಳ್ಳುವುದುಂಟು. ಪಿವಿಸಿ ಉರಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲವೂ ಡಯಾಕ್ಸಿನ್‌ನಂಥ ವಿಷಗಳೂ ಹೊರಡುತ್ತವೆ. ಸ್ನಾನಕ್ಕೆ ನೀರು ಕಾಯಿಸುವವರೇ ಅದನ್ನು ಉಸಿರಾಡಬೇಕಾಗುತ್ತದೆ. ಅಂಗಡಿಯ ಮೂಲೆಯಲ್ಲಿ ಒಂದು ಗೋಣಿಚೀಲ ಕಟ್ಟಿಟ್ಟು ಅದರಲ್ಲಿ ತುಂಬಿ, ಪಂಚಾಯಿತಿಯ ಒಣ ಕಸದ ಗಾಡಿ ಬಂದ ದಿನ ಕೊಟ್ಟುಬಿಡುವುದು ಒಳ್ಳೆಯದು.